ಕೊಪ್ಪರಿಗೆ ಕಳ್ಳನ ಕೋವಿ

ಹಿಕರಿ ಗ್ಯಾಪ್ ಎಂಬ ನಮ್ಮ ಬೆಟ್ಟದೂರಿನ ಎಮೊರಿ ಸಟ್ಫಿನ್ ಊರ ಮುಂದೆ ಮಾನ ಕಳೆದುಕೊಂಡದ್ದಕ್ಕೆ ಕಾರಣ ಅರ್ಜಿ ಫಾರಂನ ಒಂಬತ್ತನೇ ಕಲಮು. ‘ಅರ್ಜಿದಾರನ ಒಳ್ಳೆಯ ನಡತೆಯನ್ನು ಬಲ್ಲವರು ವಿಚಾರಣೆಗೆ ಬರಬಹುದು’ ಎಂದು ಅಲ್ಲಿ ಅಚ್ಚಾಗಿತ್ತು. ಬರಬಹುದು ಎಂದಿತ್ತೇ ಹೊರತು ಬರಲೇಬೇಕು ಎಂದಿರಲಿಲ್ಲ. ಯಾರಿಗೂ ಹೇಳದೆ ಒಬ್ಬನೇ ಹೋಗಿ ಬಂದುಬಿಡೋಣ ಎಂದು ಎಮೊರಿ ಲೆಕ್ಕ ಹಾಕಿದ್ದ. ಆದರೆ ಅವನ ಹೆಂಡತಿ ಗ್ಲೆನ್ನಾ, ಬುಧವಾರದ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತ, ಆ ಸಂಗತಿಯನ್ನು ಮಿಸ್ ಓಪಲ್ ಕಿವಿಗೆ ಹಾಕಿದಳು. ಶಾಲೆಯಲ್ಲಿ ಕಲಿಸಿದ್ದರಿಂದ ಈಗಲೂ ಊರಿಗೆಲ್ಲ ‘ಮಿಸ್’ ಆಗಿರುವ ಎಂಬತ್ತೊಂದು ವರ್ಷದ ಓಪಲ್ ಕಿವಿಗೆ ಹಾಕುವುದೂ ಒಂದೇ, ಮೈಕಿನಲ್ಲಿ ಹೇಳುವುದೂ ಒಂದೇ.

ಅರ್ಜಿ ಯಾತಕ್ಕೆಂದರೆ, ಕೋವಿ ಹಿಡಿಯುವ ಹಕ್ಕು ವಾಪಸು ಬೇಕೆಂದು. ಇಪ್ಪತ್ತಮೂರು ವರ್ಷದ ಹಿಂದೆ ಎಮೊರಿ ಅದನ್ನು ಒಂದು ತಾಮ್ರದ ಕೊಪ್ಪರಿಗೆಯ ದೆಸೆಯಿಂದ ಕಳೆದುಕೊಂಡಿದ್ದ. ನಮ್ಮ ಬೆಟ್ಟದ ಕಡೆ ಅಕ್ಟೋಬರ್ ಬಂತೆಂದರೆ ಚರ್ಚಿನ ಅಂಗಳದಲ್ಲಿ ಸೇಬಿನ ಪಾಕ ಕುದಿಯಬೇಕು. ತಳ ಹಿಡಿಯದಿರಲೆಂದು ಕೊಪ್ಪರಿಗೆಯೊಳಗೆ ಒಂದು ಹಿಡಿ ತಾಮ್ರದ ಪೆನ್ನಿ ನಾಣ್ಯ ಹಾಕಿ, ಆಳುದ್ದದ ಮರದ ಸಟ್ಟುಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ಸರದಿಯ ಮೇಲೆ ತಿರುವುತ್ತಾರೆ. ಆ ವರ್ಷ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನ ಕೊಪ್ಪರಿಗೆ ತೂತು ಬಿದ್ದಿತ್ತು, ಪಕ್ಕದ ಚರ್ಚಿನ ಮೆಥಡಿಸ್ಟರದು ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಆಗ ಇಪ್ಪತ್ತನಾಲ್ಕರ ಹರೆಯದ ಎಮೊರಿ, ತಮಾಷೆಗೆಂದು, ಅದನ್ನು ಕೆಟ್ಟು ನಿಂತ ಗಾಡಿಗಳನ್ನು ಎಳೆಯುವ ತನ್ನ ಟೋಯಿಂಗ್ ಲಾರಿಯ ಕೊಕ್ಕೆಗೆ ಸಿಕ್ಕಿಸಿಕೊಂಡು ತಂದು ನಮ್ಮ ಅಂಗಳದಲ್ಲಿಟ್ಟ. ಮೆಥಡಿಸ್ಟ್ ಪಾದ್ರಿ ನಕ್ಕರು. ಆಗಿನ ಸರಕಾರಿ ವಕೀಲ ನಗಲಿಲ್ಲ, ಏಕೆಂದರೆ ಅವನ ಹುದ್ದೆಗೆ ಅದು ಚುನಾವಣೆಯ ವರ್ಷ. ಹಳೇ ಸಾಮಾನಿನ ವ್ಯಾಪಾರಿಯನ್ನು ಕರೆಸಿ ಕೊಪ್ಪರಿಗೆಗೆ ಬೆಲೆ ಕಟ್ಟಿಸಿದ. ಇನ್ನೂರು ಡಾಲರ್ ದಾಟಿದರೆ ಆ ಕಾಲಕ್ಕೆ ಅದು ಘೋರ ಅಪರಾಧ, ಅಂಥ ಅಪರಾಧಿ ಮತ್ತೆ ಕೋವಿ ಮುಟ್ಟುವಂತಿಲ್ಲ. ವ್ಯಾಪಾರಿ ಇನ್ನೂರ ಹನ್ನೆರಡು ಎಂದ. ಜೈಲು ಹೇಗೋ ತಪ್ಪಿತು, ಕೋವಿ ಮುಟ್ಟುವ ಹಕ್ಕು ಬದುಕಿರುವಷ್ಟು ಕಾಲಕ್ಕೂ ಹೋಯಿತು.

ಹಕ್ಕು ಹೋಯಿತೆಂದು ನವೆಂಬರ್ ಬರುವುದು ನಿಲ್ಲುತ್ತದೆಯೇ? ಜಿಂಕೆ ಬೇಟೆ ಶುರುವಾಗುವ ಶನಿವಾರ ನಮ್ಮ ಕಣಿವೆಯ ನಲವತ್ತು ಗಂಡಸರು ಡ್ರೈ ಕ್ರೀಕಿನ ಕ್ಯಾಂಪಿಗೆ ಹೋಗುತ್ತಾರೆ. ಎಮೊರಿಯೂ ಹೋಗುತ್ತಿದ್ದ. ಅಲ್ಲಿ ಅವನ ಕೊರಳಿಗೆ ಒಂದು ಗುಲಾಬಿ ಏಪ್ರನ್ ಬೀಳುತ್ತಿತ್ತು. ಅಂಚಿಗೆ ನೆರಿಗೆ ಬೇರೆ. ಮಿಕ್ಕವರು ಕೋವಿ ಹೆಗಲಿಗೇರಿಸಿ ಬೆಟ್ಟ ಹತ್ತಿದರೆ ಇವನು ಆಲೂಗಡ್ಡೆ ಸುಲಿಯುತ್ತ, ದೂರದಲ್ಲಿ ಕೇಳುವ ಗುಂಡಿನ ಸದ್ದು ಎಣಿಸುತ್ತ ಕೂರಬೇಕು. ಬಂದವರು ಬಿಸಿಬಿಸಿ ತಿನ್ನುತ್ತ ತಮ್ಮ ಬೇಟೆಯ ಕತೆ ಹೇಳಿ, ಕೊನೆಗೆ “ನಿನಗೆಲ್ಲಿ ಗೊತ್ತಾಗತ್ತೆ ಬಿಡು” ಎಂದು ಬೆನ್ನು ತಟ್ಟುತ್ತಿದ್ದರು. ಇಪ್ಪತ್ತೆರಡು ನವೆಂಬರ್ ಹೀಗೆ ಕಳೆದವು. ಎಮೊರಿಗೆ ಇದ್ದ ಆಸೆ ಒಂದೇ: ಆ ಏಪ್ರನ್ ಬಿಚ್ಚಿ ಬಿಸಾಕಿ, ಅಜ್ಜನ ಕೋವಿ ಹಿಡಿದು, ಈ ಶನಿವಾರ ತಾನೂ ಮರದಡಿ ಕೂರಬೇಕು.

ಅವನಿಗೆ ಒಂದೇ ಒಂದು ಸಮಾಧಾನವಿತ್ತು. ಅದನ್ನೂ ಹೇಳಿಬಿಡುತ್ತೇನೆ. ಚಳಿಗಾಲ ಬಂತೆಂದರೆ ಎಮೊರಿ ಬಿಳಿ ಕಾಗದದಲ್ಲಿ ಸುತ್ತಿದ ಜಿಂಕೆ ಮಾಂಸವನ್ನು ಮನೆಮನೆಗೆ ಕೊಟ್ಟು ಬರುತ್ತಿದ್ದ. ಮೇಲೆ ಅವನದೇ ಕೈಬರಹದಲ್ಲಿ ತಾರೀಕು. ನಮ್ಮಲ್ಲಿ ಅಂಥ ಪೊಟ್ಟಣ ಕೈಗೆ ಬಂದರೆ, ಥ್ಯಾಂಕ್ಸ್ ಹೇಳಿ, ಹೆಂಡತಿ ಮಕ್ಕಳು ಚೆನ್ನಾಗಿದ್ದಾರಾ ಎಂದು ಕೇಳಬೇಕು. ಎಲ್ಲಿ ಸಿಕ್ಕಿತು, ಯಾರು ಹೊಡೆದದ್ದು ಎಂದು ಕೇಳುವವನು ನಮ್ಮೂರವನೇ ಅಲ್ಲ. ಆದ್ದರಿಂದ ಯಾರೂ ಕೇಳಲಿಲ್ಲ, ಎಮೊರಿಯೂ ಹೇಳಲಿಲ್ಲ. ಅವನು ಕದ್ದುಮುಚ್ಚಿ ಬೇಟೆಯಾಡುತ್ತಾನೆ, ಸದ್ದೇ ಬರದ ಹಾಗೆ ಒಂದೇ ಗುಂಡಿಗೆ ಉರುಳಿಸುತ್ತಾನೆ ಎಂದು ಊರೆಲ್ಲ ನಂಬಿ, ಊರೆಲ್ಲ ಬಾಯಿ ಹೊಲಿದುಕೊಂಡಿತ್ತು. ಕ್ಯಾಂಪಿನಲ್ಲಿ ಎಷ್ಟೇ ಗೇಲಿ ಮಾಡಿದರೂ, ಊರಲ್ಲಿ ಎದುರಿಗೆ ಬಂದರೆ ಕಣ್ಣು ಮಿಟುಕಿಸುವರು. ಎಮೊರಿಯೂ ಸಣ್ಣಗೆ ನಕ್ಕು ಮುಂದೆ ಹೋಗುವನು.

ವಿಚಾರಣೆ ಇದ್ದದ್ದು ಗುರುವಾರ ಹತ್ತು ಗಂಟೆಗೆ. ಬೆಳಿಗ್ಗೆ ಗ್ಲೆನ್ನಾ ತನ್ನ ನೀಲಿ ಕೋಟು ತೊಟ್ಟು, ಎದೆಗೆ ಎರಡು ವರ್ಷದ ಹಿಂದೆ ಚರ್ಚಿನ ಬೇಟೆ ಊಟದಲ್ಲಿ ಜಿಂಕೆ ಮಾಂಸದ ತನ್ನ ಚಿಲ್ಲಿ ಸಾರಿಗೆ ಬಂದ ಮೊದಲ ಬಹುಮಾನದ ರಿಬ್ಬನ್ ಚುಚ್ಚಿಕೊಂಡಳು.

“ಅದ್ಯಾಕೆ ಈಗ?” ಎಂದ ಎಮೊರಿ.

“ನಾವೂ ಮರ್ಯಾದಸ್ತರು ಅಂತ ಜಡ್ಜಿಗೆ ಕಾಣ್ಲಿ ಅಂತ. ನೀನು ಮೊದಲು ಆ ಟೈ ಸರಿ ಮಾಡ್ಕೊ, ನೇಣು ಹಾಕ್ಕೊಂಡಂಗಿದೆ,” ಎಂದು ಹೇಳಿ ಅವಳು ಚರ್ಚಿನ ವ್ಯಾನು ಹತ್ತಿ ಮುಂದೆ ಹೋದಳು.

ಎಮೊರಿ ತನ್ನ ಟೋಯಿಂಗ್ ಲಾರಿ ಏರಿ ಹೊರಟ. ಅರ್ಧ ಮೈಲಿ ಹೋಗಿರಬೇಕು. ತಿರುವಿನಲ್ಲಿ ಪಕ್ಕದ ಸೀಟಿನ ಮೇಲಿದ್ದ ಕಂಬಳಿ ಜಾರಿತು. ಒಳಗಿನಿಂದ ಅಜ್ಜನ ಕೋವಿ ಹೊರಗೆ ಮೂತಿ ಚಾಚಿತು. ಎಮೊರಿ ರಸ್ತೆಯ ನಡುವೆಯೇ ಬ್ರೇಕು ಒತ್ತಿ, ಕೆಳಗೆ ಧುಮುಕಿ, ಹತ್ತು ಮಾರು ದೂರ ಓಡಿ ಎರಡು ಕೈ ಮೇಲೆತ್ತಿ ನಿಂತ. ಸುತ್ತ ಯಾರೂ ಇರಲಿಲ್ಲ. ಹಾಗಿದ್ದರೂ ಕೈ ಇಳಿಸಲು ಧೈರ್ಯ ಬರಲಿಲ್ಲ. ಕೊನೆಗೆ ಒಂದು ಕೈ ಇಳಿಸಿ ಗ್ಲೆನ್ನಾಳ ತಮ್ಮ ರಾಯ್ಸ್‌ಗೆ ಫೋನು ಹಚ್ಚಿದ.

“ಸಿಕ್ತಾ ಭಾವ?” ರಾಯ್ಸ್ ದನಿಯಲ್ಲಿ ಹಬ್ಬವಿತ್ತು. “ನೀನು ಟೈ ಕಟ್ಕೋತಿದ್ದಾಗ ಇಟ್ಟೆ. ಕೋರ್ಟಿಂದ ಹೊರಗೆ ಬಂದ ತಕ್ಷಣ ಕೈಗೆ ಸಿಗ್ಲಿ ಅಂತ. ಇಪ್ಪತ್ತಮೂರು ವರ್ಷ ನಮ್ಮನೆ ಬೀರುನಲ್ಲಿ ಕೂತಿತ್ತು ಪಾಪ.”

“ಹೊರಗೆ ಬಂದ್ಮೇಲೆ ಸಿಗೋದು ಸರಿ. ಒಳಗೆ ಹೋಗೋಕ್ ಮುಂಚೆ ಸಿಕ್ರೆ ಐದು ವರ್ಷ ಜೈಲು ಕಣೋ. ಓಡಿ ಬಂದು ತಗೊಂಡ್ಹೋಗು.”

“ಓ,” ಎಂದ ರಾಯ್ಸ್. ಅವನಿಗೆ ಕಾನೂನಿನ ಕಡೆ ಗಮನ ಕಡಿಮೆ. “ಬರ್ತೀನಿ. ಹಾಂ, ಭಾವ, ಶನಿವಾರ ಕ್ಯಾಂಪಿಗೆ ಜನ ಜಾಸ್ತಿ ಅಂತ ಮೆಥಡಿಸ್ಟರ ಕೊಪ್ಪರಿಗೆ ಕೇಳಿದೀನಿ. ಕಾಗದದಲ್ಲಿ ಬರೆದುಕೊಟ್ಟೇ ತಗೊಂಡಿದೀನಿ, ಭಯ ಬೇಡ.”

“ಆ ಕೊಪ್ಪರಿಗೆ ಇರೋ ಕಡೆ ನಾನು ತಲೆ ಹಾಕಲ್ಲ,” ಎಂದ ಎಮೊರಿ.

ಫೋನು ಇಡುವಷ್ಟರಲ್ಲಿ ಹಿಂದೆ ಒಂದು ಹಸಿರು ಪಿಕಪ್ ಬಂದು ನಿಂತಿತು. ಬೇಟೆ ಇಲಾಖೆಯ ಗಾಡಿ. ಓಡಿಸುತ್ತಿದ್ದವನು ವಾರ್ಡನ್ ವೆಂಡೆಲ್, ಸಮವಸ್ತ್ರದಲ್ಲಿ. ಪಕ್ಕದಲ್ಲಿ ನಿನ್ನೆಯಷ್ಟೇ ಕೂದಲು ಗುಂಗುರು ಮಾಡಿಸಿಕೊಂಡ ಮಿಸ್ ಓಪಲ್. ವೆಂಡೆಲ್ ಆಕೆಯ ಅಣ್ಣನ ಮಗ. ಮಿಸ್ ಓಪಲ್‌ಗೆ ಗಾಡಿ ಓಡಿಸಲು ಬರದ್ದರಿಂದ ಈ ದಿನ ಅವನು ರಜೆ ಹಾಕದೆಯೇ ಸಾರಥಿಯಾಗಿದ್ದ.

“ಏನಾಯ್ತು ಎಮೊರಿ?” ಎಂದ ವೆಂಡೆಲ್.

“ಕೆಟ್ಟೋಯ್ತು.”

“ಊರ ಗಾಡಿ ಎಲ್ಲ ಎಳ್ಕೊಂಡ್ ಹೋಗೋ ಲಾರಿನೇ ಕೆಟ್ಟೋಯ್ತಾ? ತಾಳು, ನೋಡ್ತೀನಿ,” ಎಂದು ವೆಂಡೆಲ್ ಬಾಗಿಲು ತೆರೆದ.

“ಬೇಡ ಬೇಡ,” ಎಮೊರಿ ಅವನ ಬಾಗಿಲನ್ನು ಹೊರಗಿನಿಂದ ಒತ್ತಿ ಮುಚ್ಚಿದ. “ತಡ ಆಗತ್ತೆ. ರಾಯ್ಸ್ ಬರ್ತಾನೆ.”

“ಹತ್ತು ಮಗಾ, ಹಿಂದೆ ಕೂತ್ಕೊ,” ಎಂದಳು ಮಿಸ್ ಓಪಲ್. ಹೀಗೆ ಎಮೊರಿ ಸರಕಾರಿ ಗಾಡಿಯ ಹಿಂದಿನ ಸೀಟಿನಲ್ಲಿ, ಬಲೆ ಬೇಡಿಗಳ ನಡುವೆ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಟಾಲಿವರ್ ಕೌಂಟಿಯ ಕೋರ್ಟು ತಲುಪಿದ. ಇಳಿಯುವುದನ್ನು ಕಂಡವರು ಆಗಲೇ ಹಿಡಿದುಬಿಟ್ಟರೇ ಎಂದು ಪರಸ್ಪರ ಕೇಳಿಕೊಂಡರು.

ಕೋರ್ಟಿನ ಮೊಗಸಾಲೆಯಲ್ಲಿ ಹಿಕರಿ ಗ್ಯಾಪಿನ ಅರ್ಧ ಊರೇ ನೆರೆದಿತ್ತು. ಬಿಸ್ಕಿಟ್ ಬುಟ್ಟಿಗಳು, ಎರಡು ಸೇಬಿನ ಪೈ, ಫ್ಲಾಸ್ಕಿನಲ್ಲಿ ಕಾಫಿ. ಎಮೊರಿಯ ಪರವಾಗಿ ನಿಲ್ಲಲು ಬಂದವರ ಉತ್ಸಾಹ ಕಂಡು ಅವನು ಟೈ ಸಡಿಲಿಸಿಕೊಂಡ. ಅದೇ ಹೊತ್ತಿಗೆ ಬಾಗಿಲ ಕಾವಲುಗಾರ ಮಿಸ್ ಓಪಲ್‌ಳ ಕೈಚೀಲ ತೆರೆಸಿದ.

“ಇದೇನಜ್ಜಿ, ತಣ್ಣಗಿದೆ?”

“ಸಾಕ್ಷಿ,” ಎಂದು ಆಕೆ ಚೀಲ ಮುಚ್ಚಿದಳು. ಮುಚ್ಚುವ ಮುಂಚೆ ಎಮೊರಿಗೆ ಒಳಗಿನ ಬಿಳಿ ಕಾಗದದ ಮೂಲೆ ಕಂಡಿತು, ಅದರ ಮೇಲೆ ತನ್ನದೇ ಕೈಬರಹವೂ ಕಂಡಿತು.

ವಿಚಾರಣೆ ಶುರುವಾಗಿ ಐದು ನಿಮಿಷದಲ್ಲಿ ಮುಗಿಯುವ ಹಾಗಿತ್ತು. ಜಡ್ಜ್ ಅಕರ್ಸ್ ಕಾಗದ ತಿರುವಿ, “ಸರಕಾರದ ಆಕ್ಷೇಪಣೆ ಏನಾದ್ರೂ ಇದೆಯಾ?” ಎಂದು ಕೇಳಿದರು.

ಹೊಸದಾಗಿ ಬಂದಿದ್ದ ಸರಕಾರಿ ವಕೀಲೆ ಎದ್ದಳು. ಪಟ್ಟಣದವಳು, ಮಾಂಸ ಮುಟ್ಟದವಳು. “ಇಲ್ಲ ಸರ್. ಕೊಪ್ಪರಿಗೆಯಿಂದ ಯಾರಿಗೂ ಗಾಯ ಆಗಿಲ್ಲ. ಆಮೇಲೆ ಇಪ್ಪತ್ತಮೂರು ವರ್ಷ ಇವರ ಮೇಲೆ ಒಂದು ದೂರೂ ಇಲ್ಲ. ಇಂಥವರಿಗೆ ಹಕ್ಕು ವಾಪಸು ಕೊಡೋಕೆ ಅಂತಲೇ ಕಾನೂನು ಇರೋದು.”

ಜಡ್ಜ್ ಪೆನ್ನಿನ ಮುಚ್ಚಳ ತೆಗೆದರು. ಎಮೊರಿಗೆ ಆ ಪೆನ್ನಿನ ತುದಿಯಲ್ಲಿ ಶನಿವಾರದ ಬೆಳಗು, ಮಂಜು, ಬೆಟ್ಟ ಎಲ್ಲ ಕಂಡವು.

“ಒಂದು ನಿಮಿಷ,” ಎಂದು ಹಿಂದಿನಿಂದ ಮಿಸ್ ಓಪಲ್ ಎದ್ದು ನಿಂತಳು. “ನಮ್ಮನ್ನೂ ಕೇಳಬೇಕು. ನಾನು ಕೂದಲು ಗುಂಗುರು ಮಾಡಿಸ್ಕೊಂಡು ಬಂದಿದೀನಿ.”

“ಬೇಕಿಲ್ಲ ಮಿಸ್ ಓಪಲ್,” ಎಂದ ಎಮೊರಿ ಗಾಬರಿಯಿಂದ.

“ನೀನು ಸುಮ್ನಿರು, ನಿನಗೆ ಸಂಕೋಚ ಜಾಸ್ತಿ.”

ಜಡ್ಜ್ ಅಕರ್ಸ್ ಮೂರನೇ ತರಗತಿಯಲ್ಲಿ ಮಿಸ್ ಓಪಲ್‌ಳ ಶಿಷ್ಯ. ಆಕೆ ನಿಂತಳೆಂದರೆ ಈಗಲೂ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅವರು ಪೆನ್ನು ಕೆಳಗಿಟ್ಟು, “ಬನ್ನಿ ಮಿಸ್,” ಎಂದರು.

ಮಿಸ್ ಓಪಲ್ ಪ್ರಮಾಣ ಮಾಡಿ ಕಟಕಟೆಯಲ್ಲಿ ಕೂತಳು. “ನಮ್ಮ ಯಜಮಾನ್ರು ಹೋಗಿ ಹತ್ತೊಂಬತ್ತು ವರ್ಷ ಆಯ್ತು. ಅವತ್ತಿಂದ ಒಂದು ಚಳಿಗಾಲನೂ ನನ್ನ ಫ್ರೀಜರ್ ಖಾಲಿ ಬಿದ್ದಿಲ್ಲ. ಯಾರ ದಯೆ? ಈ ಹುಡುಗಂದು. ಹೆತ್ತ ಮಗ ಕೂಡ ಹಿಂಗೆ ನೋಡ್ಕೊಳಲ್ಲ,” ಎಂದಳು. ಹೇಳುತ್ತ ಆಕೆಯ ಕಣ್ಣು ತುಂಬಿತು. ಎಮೊರಿಯ ಕಣ್ಣೂ ತುಂಬಿತು, ಆದರೆ ಬೇರೆ ಕಾರಣಕ್ಕೆ.

“ಅಂದ್ರೆ ಇವರು ನಿಮಗೆ ಅಂಗಡಿಯಿಂದ ತಂದುಕೊಡ್ತಿದ್ರು,” ಎಂದರು ಜಡ್ಜ್.

“ಅಂಗಡಿ ಮಾಂಸ ಯಾರು ತಿಂತಾರೆ?” ಮಿಸ್ ಓಪಲ್ ಚೀಲದಿಂದ ಬಿಳಿ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಅದು ಆಗಲೇ ಕರಗತೊಡಗಿತ್ತು. “ಜಿಂಕೆ ತೊಡೆ. ಅಕ್ಟೋಬರ್ ಹದಿನಾಲ್ಕು, ಈ ವರ್ಷದ್ದೇ. ಅರವತ್ತು ವರ್ಷದಿಂದ ಮಾಂಸ ಕೊಯ್ತಿದೀನಿ, ಇಷ್ಟು ಚೊಕ್ಕವಾಗಿ ಹೊಡೆಯೋನ್ನ ಕಂಡಿಲ್ಲ. ಗುಂಡಿನ ತೂತು ಒಂದಾದ್ರೂ ಕಾಣಬೇಕಲ್ಲ? ಇಲ್ಲವೇ ಇಲ್ಲ. ಇಂಥವನ ಕೈಗೆ ಬಂದೂಕು ಕೊಡದೆ ಇನ್ಯಾರ ಕೈಗೆ ಕೊಡ್ತೀರಿ ನೀವು?”

ಕೋರ್ಟಿನಲ್ಲಿ ಪೊಟ್ಟಣದಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿತು. ಸರಕಾರಿ ವಕೀಲೆ ಮತ್ತೆ ಎದ್ದಳು. “ಸರ್, ಈಗ ಆಕ್ಷೇಪಣೆ ಇದೆ.”

ಇದನ್ನು ಸರಿಮಾಡಲೆಂದು ನಮ್ಮ ಪಾದ್ರಿ ಬ್ರದರ್ ಗಾರ್ನೆಟ್ ಧಾವಿಸಿ ಬಂದರು. ಸುಳ್ಳು ಹೇಳುವಂತಿಲ್ಲ, ನಿಜ ಹೇಳಿದರೆ ಎಮೊರಿ ಒಳಗೆ. ಅವರು ತುಂಬ ಯೋಚಿಸಿ ಮಾತು ಆರಿಸಿದರು. “ಎಮೊರಿ ಗುಂಡು ಹಾರಿಸಿದ್ದನ್ನ ನಮ್ಮೂರಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ ಸರ್. ಕಾಣಬಾರದು ಅಂತಲೇ ನಾವು ಆ ಕಡೆ ನೋಡ್ತಿರಲಿಲ್ಲ.”

“ಕೂತ್ಕೊಳಿ ಬ್ರದರ್,” ಎಂದರು ಜಡ್ಜ್.

ಅಷ್ಟರಲ್ಲಿ ರಾಯ್ಸ್ ಏದುಸಿರು ಬಿಡುತ್ತ ಒಳಗೆ ಬಂದ. ಭಾವನ ಮೇಲೆ ಆಪಾದನೆ ಬಂದಿದೆಯೆಂದು ತಿಳಿದದ್ದೇ ತಡ, ಕರೆಯದಿದ್ದರೂ ಕೈ ಎತ್ತಿ ಪ್ರಮಾಣ ಮಾಡಿದ. “ಸಾಹೇಬ್ರೆ, ನಮ್ಮ ಭಾವ ಬಂದೂಕು ಮುಟ್ಟೇ ಇಲ್ಲ. ಅವರ ಅಜ್ಜನ ಬಂದೂಕು ಇಪ್ಪತ್ತಮೂರು ವರ್ಷ ನಮ್ಮನೆ ಬೀರುನಲ್ಲಿ ಬೀಗ ಹಾಕ್ಕೊಂಡು ಕೂತಿತ್ತು. ಕೀಲಿ ನನ್ನ ಹತ್ರ.”

“ಈಗ ಅದೆಲ್ಲಿದೆ?” ಎಂದಳು ವಕೀಲೆ.

ರಾಯ್ಸ್ ಭಾವನ ಕಡೆ ನೋಡಿದ. ಪ್ರಮಾಣ ಮಾಡಿಯಾಗಿತ್ತು. “ಈಗ ನನ್ನ ಗಾಡೀಲಿದೆ. ಬೆಳಿಗ್ಗೆ ಒಂದು ಸ್ವಲ್ಪ ಹೊತ್ತು ಭಾವನ ಲಾರಿ ಸೀಟಿನ ಮೇಲಿತ್ತು.”

“ಅದಕ್ಕೇ ಕೆಟ್ಟಿದ್ದಾ ಲಾರಿ?” ಎಂದು ಹಿಂದಿನ ಬೆಂಚಿನಿಂದ ವಾರ್ಡನ್ ವೆಂಡೆಲ್ ತನ್ನಷ್ಟಕ್ಕೆ ಕೇಳಿಕೊಂಡ. ತನ್ನಷ್ಟಕ್ಕೆ ಕೇಳಿಕೊಂಡದ್ದು ಎಲ್ಲರಿಗೂ ಕೇಳಿತು.

ಜಡ್ಜ್ ಅಕರ್ಸ್ ಕನ್ನಡಕ ತೆಗೆದು ಒರೆಸಿದರು. “ಮಿಸ್ಟರ್ ಸಟ್ಫಿನ್, ನಿಮ್ಮ ಕಡೆಯವರು ನಿಮ್ಮನ್ನ ಇಷ್ಟು ಪ್ರೀತಿಯಿಂದ ಜೈಲಿಗೆ ಕಳಿಸ್ತಿರೋದು ನೋಡಿದ್ರೆ ನನಗೆ ಬೇಜಾರಾಗತ್ತೆ. ಹಕ್ಕಿಲ್ಲದೋನು ಬಂದೂಕು ಹಿಡಿದ್ರೆ ಐದು ವರ್ಷ. ಏನಾದ್ರೂ ಹೇಳೋದಿದ್ರೆ ಈಗಲೇ ಹೇಳಿ.”

ಎಮೊರಿ ಹೇಳಬಹುದಾದ ಮಾತು ಒಂದೇ ಇತ್ತು. ಅದು ಅವನನ್ನು ಬಿಟ್ಟರೆ ಗ್ಲೆನ್ನಾಗೆ ಮಾತ್ರ ಗೊತ್ತಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಆಮೇಲೆ ಐದು ವರ್ಷ ಎಂದರೆ ಎಷ್ಟು ದಿನವೆಂದು ಯೋಚಿಸಿದಂತೆ ಸೂರು ನೋಡಿದಳು. ಆ ಯೋಚನೆ ಅಷ್ಟು ಹೊತ್ತು ಹಿಡಿಯಬೇಕಾಗಿರಲಿಲ್ಲ ಎಂದು ಎಮೊರಿಗೆ ಇವತ್ತಿಗೂ ಬೇಸರವಿದೆ. ಕೊನೆಗೆ ಅವಳು ಎದೆಯ ಮೇಲಿನ ರಿಬ್ಬನ್ನನ್ನು ಅಂಗೈಯಿಂದ ಮುಚ್ಚಿ, ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡಿದಳು.

“ಸಾಹೇಬ್ರೆ,” ಎಂದ ಎಮೊರಿ ಕೈ ಎತ್ತಿ ಪ್ರಮಾಣ ಮಾಡಿ, “ನಾನು ಒಂದು ಜಿಂಕೇನೂ ಹೊಡೆದಿಲ್ಲ. ಹೊಡೆದಿದ್ದೆಲ್ಲ ಕಾರುಗಳು.”

ಯಾರಿಗೂ ಅರ್ಥವಾಗಲಿಲ್ಲ. ಎಮೊರಿ ನೆಲ ನೋಡುತ್ತ ಬಿಡಿಸಿ ಹೇಳಿದ. ಅವನದು ಟೋಯಿಂಗ್ ಕೆಲಸ. ಸಂಜೆ ಹೊತ್ತು ಬೆಟ್ಟದ ರಸ್ತೆಯಲ್ಲಿ ಜಿಂಕೆಗೆ ಕಾರು ಗುದ್ದಿದರೆ ಮೊದಲು ಕರೆಯುವುದು ಅವನನ್ನೇ. ಕಾರಿನವರು ಕಾರಿನ ಚಿಂತೆಯಲ್ಲಿರುತ್ತಾರೆ. ಜಿಂಕೆ ಇನ್ನೂ ಬೆಚ್ಚಗಿರುತ್ತದೆ. ಸುಮ್ಮನೆ ಹಾಳಾಗುತ್ತದಲ್ಲ ಎಂದು ಅವನು ಅದನ್ನೂ ಲಾರಿಗೆ ಹಾಕಿಕೊಂಡು ಬರುತ್ತಿದ್ದ. ಜಜ್ಜಿದ ಭಾಗ ತೆಗೆದು, ಉಳಿದದ್ದನ್ನು ಶುಚಿಯಾಗಿ ಕಾಗದದಲ್ಲಿ ಸುತ್ತಿ ಹಂಚುತ್ತಿದ್ದ.

“ಇದನ್ನ ನಂಬೋದು ಹೇಗೆ?” ಎಂದಳು ವಕೀಲೆ. “ಈ ಪೊಟ್ಟಣ, ಅಕ್ಟೋಬರ್ ಹದಿನಾಲ್ಕು?”

“ಟಪಾಲು ಗಾಡಿ,” ಎಂದ ಎಮೊರಿ ತಡವರಿಸದೆ.

ಮೂರನೇ ಬೆಂಚಿನಲ್ಲಿದ್ದ ಟಪಾಲಿನ ಹೆಂಗಸು ಎದ್ದಳು. “ಹೌದು ಸಾಹೇಬ್ರೆ. ನನ್ನದೇ. ದೀಪ ಎರಡೂ ಹೋಯ್ತು. ಜಿಂಕೆ ಎಲ್ಲೋಯ್ತು ಅಂತ ನಾನು ಆಗ ಕೇಳ್ಲಿಲ್ಲ,” ಎಂದಳು. ಆಮೇಲೆ ನೆನಪಾಗಿ, “ಅದರಲ್ಲಿ ನನಗೂ ಎರಡು ಪೊಟ್ಟಣ ಕೊಟ್ಟಿದ್ನಲ್ಲ,” ಎಂದು ಕೂತಳು.

ಈಗ ಬೆಂಚುಗಳಲ್ಲಿ ಲೆಕ್ಕ ಶುರುವಾಯಿತು. ಒಬ್ಬೊಬ್ಬರೂ ತಮ್ಮ ಕ್ರಿಸ್‌ಮಸ್ ಊಟ, ಮಗಳ ಮದುವೆ ಊಟ, ತಿಥಿ ಊಟ ನೆನೆಸಿಕೊಂಡು ಎಮೊರಿಯನ್ನು ಕೇಳತೊಡಗಿದರು. ಅವನು ಪ್ರಮಾಣ ಮಾಡಿದವನಾದ್ದರಿಂದ ಎಲ್ಲಕ್ಕೂ ಉತ್ತರ ಕೊಟ್ಟ. ಬ್ರದರ್ ಗಾರ್ನೆಟ್ ಅವರ ಈಸ್ಟರ್ ಹುರಿದ ಮಾಂಸ ಹಾಲಿನ ಲಾರಿ. ರಾಯ್ಸ್ ತನ್ನ ಬೇಟೆಯದೆಂದು ನಂಟರಿಗೆಲ್ಲ ಬಡಿಸಿದ್ದು ಹೆಣದ ಗಾಡಿ.

ಜಡ್ಜ್ ಸುತ್ತಿಗೆ ಬಡಿದು ಸದ್ದಡಗಿಸಿದರು. ಆಮೇಲೆ ಮುಂದಕ್ಕೆ ಬಾಗಿ, ಸಣ್ಣ ದನಿಯಲ್ಲಿ, “ಎರಡು ವರ್ಷದ ಹಿಂದೆ, ಬೇಟೆ ಊಟದಲ್ಲಿ, ಆ ಚಿಲ್ಲಿ ಸಾರು. ತೀರ್ಪುಗಾರ ನಾನೇ ಇದ್ದೆ,” ಎಂದರು.

“ಸ್ಕೂಲ್ ಬಸ್ಸು, ಸಾಹೇಬ್ರೆ.”

ಜಡ್ಜ್ ಅಕರ್ಸ್ ಲೋಟದ ನೀರು ಪೂರ್ತಿ ಕುಡಿದರು. ಗ್ಲೆನ್ನಾ ರಿಬ್ಬನ್ ಬಿಚ್ಚಿ ಪರ್ಸಿಗೆ ಹಾಕಿಕೊಂಡಳು. ಮಿಸ್ ಓಪಲ್ ಮಾತ್ರ ಕಟಕಟೆಯ ಬಳಿಯೇ ನಿಂತು, ಕರಗಿದ ಪೊಟ್ಟಣ ನೋಡುತ್ತ, “ಅದಕ್ಕೇ ತೂತಿರ್ಲಿಲ್ಲ,” ಎಂದು ಎರಡು ಸಲ ಹೇಳಿದಳು.

“ನನ್ನ ಮೂವತ್ತು ವರ್ಷದ ಕೆಲಸದಲ್ಲಿ,” ಎಂದರು ಜಡ್ಜ್, “ತಾನು ಬಂದೂಕು ಮುಟ್ಟಿಲ್ಲ ಅನ್ನೋದನ್ನ ಇಷ್ಟು ಖಚಿತವಾಗಿ ಸಾಬೀತು ಮಾಡಿದ ಮನುಷ್ಯನ್ನ ನಾನು ನೋಡಿಲ್ಲ. ಬೆಳಿಗ್ಗೆ ಸೀಟಿನ ಮೇಲೆ ಕೋವಿ ಇಟ್ಟಿದ್ದು ಭಾವಮೈದನ ಪೆದ್ದತನ. ಇವನು ಅದನ್ನ ಅಲ್ಲೇ ಬಿಟ್ಟು ವಾರ್ಡನ್ ಗಾಡಿ ಹತ್ತಿ ಬಂದಿದ್ದಾನೆ. ಅರ್ಜಿ ಮಂಜೂರಾಗಿದೆ.” ಸಹಿ ಬಿತ್ತು, ಮೊಹರು ಬಿತ್ತು.

ಎಮೊರಿಯ ಸಂತೋಷ ಆ ಕಾಗದವನ್ನು ಎರಡು ಮಡಿಕೆ ಮಡಚುವಷ್ಟು ಹೊತ್ತು ಇತ್ತು. ಮೂರನೇ ಮಡಿಕೆ ಹಾಕುವಾಗ ವಾರ್ಡನ್ ವೆಂಡೆಲ್ ಟೊಪ್ಪಿ ಕೈಯಲ್ಲಿ ಹಿಡಿದು ಮುಂದೆ ಬಂದ. ಪಾಪ, ಅವನ ಮುಖವೂ ಚೆನ್ನಾಗಿರಲಿಲ್ಲ. ಅವನು ಪ್ರತಿ ಭಾನುವಾರ ಅತ್ತೆ ಮಿಸ್ ಓಪಲ್ ಮನೆಯಲ್ಲಿ ಉಣ್ಣುವವನು.

“ಎಮೊರಿ, ನನಗೆ ಬೇರೆ ದಾರಿ ಇಲ್ಲಪ್ಪ. ಇಷ್ಟು ಜನರ ಮುಂದೆ ನೀನೇ ಹೇಳಿಬಿಟ್ಟೆ. ರಸ್ತೇಲಿ ಸತ್ತ ಜಿಂಕೆ ಎತ್ಕೋಬೇಕಾದ್ರೆ ಅವತ್ತೇ ನನಗೆ ಫೋನ್ ಮಾಡಿ ಚೀಟಿ ತಗೋಬೇಕು. ಒಂದು ಸಲನಾದ್ರೂ ತಗೊಂಡಿದೀಯಾ?”

“ಇಲ್ಲ.”

“ಯಾಕೆ? ಒಂದು ಫೋನು. ಎರಡು ನಿಮಿಷದ ಕೆಲಸ.”

ಎಮೊರಿ ಮೂರನೇ ಮಡಿಕೆ ಹಾಕಿ ಕಾಗದವನ್ನು ಜೇಬಿಗಿಟ್ಟ. “ಚೀಟಿ ತಗೊಂಡ್ರೆ ನಿನಗೆ ಗೊತ್ತಾಗ್ತಿತ್ತು,” ಎಂದ ಕೊನೆಗೆ. “ನಿನಗೆ ಗೊತ್ತಾದ್ರೆ ಮಿಸ್ ಓಪಲ್‌ಗೆ ಗೊತ್ತಾಗ್ತಿತ್ತು. ವರ್ಷಪೂರ್ತಿ ಊರಲ್ಲಿ ಜನ ನನ್ನ ನೋಡಿ ಕಣ್ಣು ಮಿಟುಕಿಸ್ತಿದ್ರು ವೆಂಡೆಲ್. ಏಪ್ರನ್ ಹಾಕ್ಕೊಳೋ ಮನುಷ್ಯನಿಗೆ ಅದೊಂದು ಬೇಕಿತ್ತು.”

ವೆಂಡೆಲ್ ಟೊಪ್ಪಿ ತಲೆಗಿಟ್ಟುಕೊಂಡ. ಪುಸ್ತಕ ತೆಗೆದು ಬರೆದ. ಜಡ್ಜ್ ಅಲ್ಲೇ ಇದ್ದರು, ತಪ್ಪೊಪ್ಪಿಗೆ ಆಗಲೇ ದಾಖಲಾಗಿತ್ತು. ಮೂರು ವರ್ಷ ಎಮೊರಿಗೆ ಬೇಟೆ ಲೈಸನ್ಸು ಕೊಡುವಂತಿಲ್ಲ ಎಂದಾಯಿತು. ಕೋವಿ ಇಟ್ಟುಕೊಳ್ಳಬಹುದು, ಒರೆಸಬಹುದು, ಹೆಗಲಿಗೆ ಹಾಕಿಕೊಂಡು ಓಡಾಡಬಹುದು. ಜಿಂಕೆಯ ಕಡೆಗೆ ತಿರುಗಿಸುವಂತಿಲ್ಲ.

ಶನಿವಾರ ಎಮೊರಿ ಕ್ಯಾಂಪಿಗೆ ಹೋದ. ಹೋಗದೆ ಮನೆಯಲ್ಲಿ ಕೂತರೆ ಗ್ಲೆನ್ನಾಳ ಮುಖ ನೋಡಬೇಕಿತ್ತು. ಅಜ್ಜನ ಕೋವಿಯನ್ನು, ಗುಂಡು ತುಂಬದೆ, ಹೆಗಲಿಗೆ ಹಾಕಿಕೊಂಡೇ ಹೋದ. ಅದು ಅವನ ಹಕ್ಕು, ಯಾರೂ ಕೇಳುವಂತಿರಲಿಲ್ಲ. ಯಾರೂ ಮಾತನ್ನೂ ಆಡಿಸಲಿಲ್ಲ. ಅವನ ಕೈಯಡುಗೆ ಇನ್ನು ಬೇಡವೆಂದು ಕ್ಯಾಂಪಿನಲ್ಲಿ ತೀರ್ಮಾನವಾಗಿ ಗುಲಾಬಿ ಏಪ್ರನ್ ಬ್ರದರ್ ಗಾರ್ನೆಟ್ ಕೊರಳಿಗೆ ಹೋಗಿತ್ತು. ಎಮೊರಿಗೆ ಪಾತ್ರೆ ತೊಳೆಯುವ ಕೆಲಸ ಕೊಟ್ಟರು. ಬ್ರದರ್ ಗಾರ್ನೆಟ್ ಒಳ್ಳೆಯ ಪಾದ್ರಿ. ಆದರೆ ಮೆಥಡಿಸ್ಟರ ಕೊಪ್ಪರಿಗೆಯಲ್ಲಿ ಹುರುಳಿಕಾಯಿ ಬೀಜ ಬೇಯಿಸಲಿಟ್ಟು, ಪೆನ್ನಿ ಹಾಕುವುದನ್ನು ಮರೆತು, ಬೆಟ್ಟ ನೋಡುತ್ತ ಕೂತುಬಿಟ್ಟರು. ಒಂದೇ ಗಂಟೆಯಲ್ಲಿ ಅಡುಗೆ ತಳ ಹಿಡಿದು ಇದ್ದಿಲಾಯಿತು.

ಮಧ್ಯಾಹ್ನ ಎರಡು ಗಂಟೆಗೆ ನಲವತ್ತು ಗಂಡಸರು ಬರಿಗೈಯಲ್ಲಿ ಬೆಟ್ಟ ಇಳಿದು ಬಂದು ಹಸಿದ ಹೊಟ್ಟೆಯಲ್ಲಿ ಬೆಂಕಿಯ ಸುತ್ತ ಕೂತರು. ಹಳ್ಳದ ದಡದಲ್ಲಿ ಎಮೊರಿ, ಬೆನ್ನ ಮೇಲೆ ಕೋವಿ, ಮೊಣಕೈವರೆಗೆ ಸೋಪಿನ ನೊರೆ, ತನ್ನ ಬದುಕು ಕೆಡಿಸಿದ ಅದೇ ಕೊಪ್ಪರಿಗೆಯ ತಳ ಉಜ್ಜುತ್ತಿದ್ದ. ಆಗ ಆಚೆ ದಡದಲ್ಲಿ ಒಂದು ಗಂಡು ಜಿಂಕೆ ಬಂದು ನಿಂತಿತು. ಹತ್ತು ಕವಲಿನ ಕೊಂಬು. ಅದು ಎಮೊರಿಯನ್ನೂ ಅವನ ಕೋವಿಯನ್ನೂ ಕೊಪ್ಪರಿಗೆಯನ್ನೂ ಸಮಾಧಾನದಿಂದ ನೋಡಿತು. ಎಮೊರಿ ಕದಲದೆ ನಿಂತು ಅದನ್ನು ನೋಡಿದ. ಇಪ್ಪತ್ತಮೂರು ವರ್ಷ ಕಾದದ್ದು ಇದಕ್ಕೇ. ಅವನಿಗೆ ಅಳು ಬಂತು. ಜಿಂಕೆ ನೀರು ಕುಡಿದು, ತಿರುಗಿ, ಕೆಳಗಿನ ರಸ್ತೆಯ ಕಡೆ ನಡೆಯಿತು.

ಸ್ವಲ್ಪ ಹೊತ್ತಿಗೆ ಬ್ರೇಕು ಕಿರಿಚಿದ ಸದ್ದು, ಹಿಂದೆಯೇ ದೊಪ್ಪೆಂಬ ಸದ್ದು ಕೇಳಿತು. ಎಮೊರಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

“ಮಿಸ್ಟರ್ ಸಟ್ಫಿನ್, ನಾನು ಅಕರ್ಸ್,” ಎಂದರು ಆ ಕಡೆಯಿಂದ ಜಡ್ಜ್. “ಕ್ಯಾಂಪಿಗೇ ಬರ್ತಿದ್ದೆ. ಗಾಡಿ ಮುಂಭಾಗ ಹೋಯ್ತು. ಟೋಯಿಂಗ್ ಬೇಕಿತ್ತು.” ಅವರು ಸ್ವಲ್ಪ ತಡೆದು, ದನಿ ತಗ್ಗಿಸಿ ಹೇಳಿದರು, “ಇನ್ನೂ ಬೆಚ್ಚಗಿದೆ.”

ಎಮೊರಿ ತಲೆಯೆತ್ತಿ ನೋಡಿದ. ನಲವತ್ತು ಮಂದಿ ಅವನನ್ನೇ ನೋಡುತ್ತಿದ್ದರು. ಆಮೇಲೆ ವಾರ್ಡನ್ ವೆಂಡೆಲ್ ಜೇಬಿನಿಂದ ಚೀಟಿ ಪುಸ್ತಕ ತೆಗೆದು ತಾರೀಕು ಬರೆಯತೊಡಗಿದ. ರಾಯ್ಸ್ ಎದ್ದು ಹೋಗಿ ಬ್ರದರ್ ಗಾರ್ನೆಟ್ ಅವರ ಕೊರಳಿಂದ ಗುಲಾಬಿ ಏಪ್ರನ್ ಬಿಚ್ಚಿದ. ಹಳ್ಳದ ದಡಕ್ಕೆ ಬಂದು ಅದನ್ನು ಎಮೊರಿಯ ಕೊರಳಿಗೆ ಹಾಕಿ, ಕೋವಿಯ ಪಟ್ಟಿಯ ಮೇಲಿಂದಲೇ ಬೆನ್ನ ಹಿಂದೆ ಗಂಟು ಕಟ್ಟಿದ.

“ಬೇಗ ಬಾ ಭಾವ,” ಎಂದ. “ಈರುಳ್ಳಿ ನಾನು ಹೆಚ್ಚಿಟ್ಟಿರ್ತೀನಿ.”